ಗರ್ಭಧಾರಣೆ ಮತ್ತು ಒಂದು ವಿರಳ ಚರ್ಮರೋಗ: ವೈದ್ಯಕೀಯ ನಿರ್ಣಯಗಳ ಚರಿತ್ರೆಯಲ್ಲಿ ಒಂದು ಅಧ್ಯಾಯ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಪ್ಲೇಗು, ಸಿಡುಬು, ಕಾಲರಾ ಮೊದಲಾದ ಮಹಾಮಾರಿಗಳನ್ನೇ ವಸ್ತುವಾಗಿ ಆರಿಸಿಕೊಳ್ಳುವುದು ವಾಡಿಕೆ. ಸಹಸ್ರಾರು ಜನ ಮಡಿದಲ್ಲಿ ದಾಖಲೆಗಳೂ ಹೇರಳವಾಗಿ ಉಳಿದಿರುತ್ತವೆ, ಸರ್ಕಾರಗಳು ಎಚ್ಚೆತ್ತಿರುತ್ತವೆ, ಚರಿತ್ರಕಾರನ ಕೆಲಸ ಸುಗಮವಾಗುತ್ತದೆ. ಹತ್ತು ಲಕ್ಷ ಮಂದಿಯಲ್ಲಿ ವರ್ಷಕ್ಕೆ ಐದಾರು ಮಂದಿಗೆ ಮಾತ್ರ ತಗಲುವ ರೋಗವೊಂದಕ್ಕೆ ಈ ಭಾಗ್ಯವಿಲ್ಲ. ಆದರೆ ಅಲ್ಪ ಸಾಕ್ಷ್ಯವನ್ನು ಮುಂದಿಟ್ಟುಕೊಂಡು ವಿದ್ವಾಂಸರು ಯಾವ ರೀತಿಯಲ್ಲಿ ನಿರ್ಣಯಕ್ಕೆ ಬರುತ್ತಾರೆ, ಆ ನಿರ್ಣಯದ ಭಾರವನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಯನ್ನು ವಿಚಾರಿಸಬೇಕಾದರೆ ಮಹಾಮಾರಿಗಿಂತ ವಿರಳ ರೋಗವೇ ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ.

ಪ್ರಕೃತ ಲೇಖನದಲ್ಲಿ ಅಂತಹ ಒಂದು ರೋಗವನ್ನು ತೆಗೆದುಕೊಂಡಿದ್ದೇವೆ. ಅದರ ಹೆಸರು ಮೈಕೋಸಿಸ್ ಫಂಗಾಯ್ಡಿಸ್. ರಕ್ತದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಸಂಚರಿಸುತ್ತ ದೇಹವನ್ನು ಕಾಯುವ ‘ಟಿ’ ಜೀವಕೋಶಗಳೆಂಬ ಬಿಳಿಯ ಕಣಗಳು ಚರ್ಮದಲ್ಲಿ ನೆಲಸಿ ಅಂಕೆಯಿಲ್ಲದೆ ವೃದ್ಧಿಯಾಗುವುದೇ ಈ ರೋಗದ ಸ್ವರೂಪ. ಚರ್ಮದ ಲಿಂಫೋಮಗಳೆಂಬ ಅರ್ಬುದ ವರ್ಗದಲ್ಲಿ ಇದೇ ಹೆಚ್ಚಾಗಿ ಕಂಡುಬರುವುದು. ಆದರೂ ಆ ವರ್ಗವೇ ವಿರಳ. ಈ ರೋಗವುಳ್ಳ ಸ್ತ್ರೀ ಗರ್ಭಿಣಿಯಾದರೆ ರೋಗವು ಉಲ್ಬಣಿಸುವುದೆ, ತಗ್ಗುವುದೆ, ಅಥವಾ ಇದ್ದಂತೆಯೇ ಇರುವುದೆ? ರೋಗವನ್ನು ಮೊದಲು ವರ್ಣಿಸಿ ಎರಡು ಶತಮಾನಗಳು ಕಳೆದಿದ್ದರೂ ಈ ಸರಳ ಪ್ರಶ್ನೆಗೆ ಸರ್ವಸಮ್ಮತವಾದ ಉತ್ತರ ದೊರೆತಿಲ್ಲ. ನಾವು ವೈದ್ಯರಲ್ಲ, ಉತ್ತರ ಕೊಡುವುದು ನಮ್ಮ ಅಧಿಕಾರಕ್ಕೆ ಮೀರಿದ ಕೆಲಸ. ಉತ್ತರವು ಏಕೆ ದೊರೆಯಲಿಲ್ಲ, ಉತ್ತರವಿಲ್ಲದ ಕಾಲದಲ್ಲಿ ಏನು ನಡೆಯಿತು ಎಂಬುದು ಮಾತ್ರ ಚರಿತ್ರೆಯ ವಿಷಯ.

ಪ್ಯಾರಿಸ್ ನಗರದ ಸೇಂಟ್ ಲೂಯಿ ಆಸ್ಪತ್ರೆಯನ್ನು ಪ್ಲೇಗು ರೋಗಿಗಳನ್ನು ಊರಿನಿಂದ ಪ್ರತ್ಯೇಕಿಸಿಡುವುದಕ್ಕಾಗಿ 1607ರಲ್ಲಿ ನಾಲ್ಕನೆಯ ಹೆನ್ರಿಯು ಕಟ್ಟಿಸಿದನು. ಫ್ರೆಂಚ್ ಮಹಾಕ್ರಾಂತಿಯ ತರುವಾಯ ನಗರದ ಆಸ್ಪತ್ರೆಗಳನ್ನು ಪುನರ್ವ್ಯವಸ್ಥೆಗೊಳಿಸಿದಾಗ ದೀರ್ಘಕಾಲದ ಚರ್ಮರೋಗಗಳು ಈ ಆಸ್ಪತ್ರೆಯ ಪಾಲಿಗೆ ಬಂದವು. 1801ರಲ್ಲಿ ಅಲ್ಲಿಗೆ ವೈದ್ಯನಾಗಿ ಬಂದ ಝಾನ್ ಲೂಯಿ ಆಲಿಬೆರ್ (1768–1837) ವಾಗ್ಮಿ. ಆಸ್ಪತ್ರೆಯ ಅಂಗಳದ ಮರಗಳ ಕೆಳಗೆ ರೋಗಿಗಳನ್ನು ಕರೆತಂದು ನಿಲ್ಲಿಸಿ ಪಾಠ ಹೇಳುತ್ತಿದ್ದನು. ಸಸ್ಯಗಳನ್ನು ವಿಂಗಡಿಸುವಂತೆ ಚರ್ಮರೋಗಗಳನ್ನು ವಿಂಗಡಿಸಿ ಒಂದು ವೃಕ್ಷದ ಕೊಂಬೆರೆಂಬೆಗಳಲ್ಲಿ ಚಿತ್ರಿಸಿ ತೋರಿಸಿದವನೂ ಇವನೇ. ಇವನು 1806ರಲ್ಲಿ ಪ್ರಕಟಿಸಲಾರಂಭಿಸಿದ ಚರ್ಮರೋಗಗಳ ವರ್ಣಚಿತ್ರ ಸಂಪುಟದಲ್ಲಿ ಲ್ಯೂಕಾ ಎಂಬ 56 ವರ್ಷದ ರೋಗಿಯ ವರ್ಣನೆ ಬರುತ್ತದೆ. ಮೊದಲು ಹೊಟ್ಟೇಳುವ ಕಲೆಗಳಾಗಿ ತೋರಿದ ರೋಗವು ಕ್ರಮೇಣ ಅಣಬೆಯಂತಹ ಗಂಟುಗಳಾಗಿ ಮೈಮೇಲೆಲ್ಲ ಎದ್ದಿತು. 1832ರಲ್ಲಿ ಆಲಿಬೆರ್ ಇದಕ್ಕೆ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಹೆಸರನ್ನಿಟ್ಟನು. ಅಣಬೆಯ ಆಕಾರವನ್ನು ನೋಡಿ ಇಟ್ಟ ಹೆಸರಿದು. ರೋಗಕ್ಕೂ ಶಿಲೀಂಧ್ರಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರು ತಪ್ಪೆಂದು ಎಲ್ಲರೂ ಬಲ್ಲರು, ಆದರೂ ಅದೇ ಉಳಿದಿದೆ. ನಾಮಕರಣದ ವಿಷಯದಲ್ಲಿ ವೈದ್ಯಶಾಸ್ತ್ರವು ನಮ್ಮ ಊರುಕೇರಿಗಳಷ್ಟೇ ಸಂಪ್ರದಾಯಶರಣವೆಂದು ಕಾಣುತ್ತದೆ.

ಅದೇ ಆಸ್ಪತ್ರೆಯ ಎರ್ನೆಸ್ಟ್ ಬಜ಼್ಯಾನನು 1870ರಲ್ಲಿ ರೋಗದ ಗತಿಯನ್ನು ಮೂರು ಹಂತಗಳಾಗಿ ನಿರೂಪಿಸಿದನು: ಮೊದಲು ಮಚ್ಚೆ, ಆಮೇಲೆ ದಪ್ಪವಾದ ತಟ್ಟೆ, ಕೊನೆಗೆ ಗಂಟು. ಈ ನಿರೂಪಣೆಯಿಂದ ತಿಳಿಯುವ ಮುಖ್ಯ ವಿಷಯವೆಂದರೆ ಕಾಲದ ಪ್ರಮಾಣ. ಮಚ್ಚೆಯ ಹಂತವೇ ಹತ್ತು ಇಪ್ಪತ್ತು ವರ್ಷ ನಡೆಯಬಹುದು. ಅನೇಕರಲ್ಲಿ ಮುಂದಿನ ಹಂತ ಬರುವುದೇ ಇಲ್ಲ. ಮಚ್ಚೆಗಳು ಬೇಸಗೆಯಲ್ಲಿ ಮಾಸಿ ಚಳಿಗಾಲದಲ್ಲಿ ಮರಳುವುದೂ ಉಂಟು. ಇಷ್ಟು ನಿಧಾನವಾಗಿ, ಇಷ್ಟು ಏರಿಳಿತಗಳೊಡನೆ ಸಾಗುವ ರೋಗದಲ್ಲಿ ಒಂಬತ್ತು ತಿಂಗಳ ಅವಧಿಯನ್ನು ಮಾತ್ರ ಬೇರ್ಪಡಿಸಿ, ಆಗ ಕಂಡ ಬದಲಾವಣೆಗೆ ಗರ್ಭವೇ ಕಾರಣವೆಂದೋ ಅಲ್ಲವೆಂದೋ ಹೇಳುವುದು ಎಷ್ಟು ಕಷ್ಟವೆಂಬುದನ್ನು ಓದುಗರು ಊಹಿಸಬಹುದು.

ಈ ಸಂದರ್ಭದಲ್ಲಿ ಪ್ಯಾರಿಸ್ಸಿನ ಮತ್ತೊಂದು ಸಂಸ್ಥೆಯನ್ನು ಸ್ಮರಿಸುವುದು ಅವಶ್ಯಕ. ಪೋರ್ ರೊಯಾಲ್ ಮಠದ ಕಟ್ಟಡಗಳಲ್ಲಿ 18ನೆಯ ಶತಮಾನದ ಕೊನೆಯಲ್ಲಿ ಪ್ರಾರಂಭವಾದ ಹೆರಿಗೆ ಆಸ್ಪತ್ರೆಯಲ್ಲಿ ಮರಿ ಲೂಯಿಸ್ ಲಾಶಪೆಲ್ (1769–1821) ಎಂಬಾಕೆ ಮುಖ್ಯ ಸೂಲಗಿತ್ತಿಯಾಗಿದ್ದಳು. ಸಹಸ್ರಾರು ಹೆರಿಗೆಗಳ ವಿವರಗಳನ್ನು ಕೋಷ್ಟಕಗಳಲ್ಲಿ ದಾಖಲಿಸಿ, ಅಂಕಿಸಂಖ್ಯೆಗಳ ಆಧಾರದ ಮೇಲೆ ಪ್ರಸೂತಿಶಾಸ್ತ್ರದ ಎಷ್ಟೋ ಊಹೆಗಳನ್ನು ತಿದ್ದಿದ ಕೀರ್ತಿ ಆಕೆಯದು. ಆಕೆಯ ಗ್ರಂಥವು ಮೂರು ಸಂಪುಟಗಳಲ್ಲಿ 1821ರಿಂದ 1825ರವರೆಗೆ ಪ್ರಕಟವಾಯಿತು. ಹೀಗೆ ಒಂದೇ ನಗರದಲ್ಲಿ, ಒಂದೇ ಕಾಲದಲ್ಲಿ, ಚರ್ಮವನ್ನು ವರ್ಷಗಟ್ಟಲೆ ನೋಡುವ ಒಂದು ಸಂಸ್ಥೆಯೂ ಬಸಿರನ್ನು ಲೆಕ್ಕಹಾಕಿ ನೋಡುವ ಒಂದು ಸಂಸ್ಥೆಯೂ ಇದ್ದವು. ಆದರೆ ಅವುಗಳ ಪುಸ್ತಕಗಳು ಬೇರೆ, ಗುರುಶಿಷ್ಯ ಪರಂಪರೆ ಬೇರೆ. ಚರ್ಮರೋಗಿಯು ಬಸಿರಾದರೆ ಒಂದು ಬಾಗಿಲಿನಿಂದ ಹೊರಟು ಇನ್ನೊಂದು ಬಾಗಿಲನ್ನು ಹೊಗಬೇಕಾಗಿತ್ತು. ಆಧುನಿಕ ವೈದ್ಯಶಾಸ್ತ್ರದ ಹೆಮ್ಮೆಯೆನಿಸಿದ ವಿಶೇಷಜ್ಞತೆಯ ಪದ್ಧತಿಯೇ ನಮ್ಮ ಪ್ರಶ್ನೆಯನ್ನು ಎರಡು ಗೋಡೆಗಳ ನಡುವಣ ಓಣಿಯಲ್ಲಿ ಬಿಟ್ಟಿತೆಂದು ಹೇಳಿದರೆ ಅತ್ಯುಕ್ತಿಯಾಗಲಾರದು.

ಸೇಂಟ್ ಲೂಯಿಯ ಇನ್ನೊಂದು ಹೆಮ್ಮೆ ಅದರ ಮೇಣದ ಪ್ರತಿಕೃತಿಗಳ ಸಂಗ್ರಹಾಲಯ. ಝೂಲ್ ಬರೆತ್ತಾ ಎಂಬ ಕುಶಲ ಶಿಲ್ಪಿಯು 1860ರ ದಶಕದಿಂದ ರೋಗಿಗಳ ಮೈಯಿಂದಲೇ ಅಚ್ಚು ತೆಗೆದು ಮೇಣದಲ್ಲಿ ಎರಕಹೊಯ್ದು ಬಣ್ಣ ಹಾಕಿ, ಕೂದಲೆಳೆಯನ್ನೂ ಬಿಡದೆ ರಚಿಸಿದ ಪ್ರತಿಕೃತಿಗಳು ಇತರರ ಕೃತಿಗಳೊಡನೆ ಸೇರಿ ನಾಲ್ಕು ಸಾವಿರಕ್ಕೂ ಮಿಕ್ಕಿವೆ. 1889ರಲ್ಲಿ ಅಲ್ಲಿಯೇ ನಡೆದ ಚರ್ಮಶಾಸ್ತ್ರದ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನದ ಕಾಲಕ್ಕೆ ಸಂಗ್ರಹಾಲಯವನ್ನು ತೆರೆಯಲಾಯಿತು. ಮೇಣದ ತೋಳು, ಮೇಣದ ಮುಖ ಒಂದು ದಿನದ ರೋಗವನ್ನು ಶಾಶ್ವತವಾಗಿಸುತ್ತವೆ. ಆ ತೋಳಿನ ಸ್ತ್ರೀಗೆ ಎಷ್ಟು ಮಕ್ಕಳು, ಯಾವ ಮಗುವಿನ ನಂತರ ಮಚ್ಚೆ ಹೆಚ್ಚಿತು ಎಂಬುದನ್ನು ಮೇಣವು ಹೇಳಲಾರದು. 19ನೆಯ ಶತಮಾನದ ಚರ್ಮಶಾಸ್ತ್ರವು ಕಣ್ಣಿನ ಶಾಸ್ತ್ರ. ನಮ್ಮ ಪ್ರಶ್ನೆಯಾದರೋ ಕಾಲಗಣನೆಯನ್ನು ಬೇಡುವಂಥದು.

ಕಾಲಗಣನೆಯನ್ನು ಮಾಡಿದವರು ಇರಲಿಲ್ಲವೆಂದಲ್ಲ. ಅಮೆರಿಕದ ಮೇಯೊ ಚಿಕಿತ್ಸಾಲಯದ ಫಿಲಿಪ್ ಹೆಂಚ್ 1938ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಕೀಲುಗಳನ್ನು ಹಿಂಡುವ ರೂಮಟಾಯ್ಡ್ ಸಂಧಿವಾತದ ಸ್ತ್ರೀಯರಲ್ಲಿ ಬಸಿರಿನ ಕಾಲಕ್ಕೆ ನೋವು ತಗ್ಗುವುದನ್ನೂ ಹೆರಿಗೆಯ ತರುವಾಯ ಅದು ಮರುಕಳಿಸುವುದನ್ನೂ ಅವನು ಗಮನಿಸಿದ್ದನು. ಕಾಮಾಲೆ ಬಂದಾಗಲೂ ಹೀಗೆಯೇ ಆಗುವುದನ್ನು ಮೊದಲೇ ಕಂಡಿದ್ದನು. ದೇಹದಲ್ಲಿಯೇ ಹುಟ್ಟುವ ಯಾವುದೋ ದ್ರವ್ಯವು ಇದಕ್ಕೆ ಕಾರಣವಾಗಿರಬೇಕೆಂಬ ಅವನ ತರ್ಕವು ಕಾರ್ಟಿಸೋನಿನ ಪ್ರಯೋಗಕ್ಕೆ ದಾರಿ ಮಾಡಿತು. 1950ರಲ್ಲಿ ಅವನಿಗೆ ಸಹೋದ್ಯೋಗಿ ಕೆಂಡಾಲ್ ಹಾಗೂ ಸ್ವಿಟ್ಜರ್‌ಲೆಂಡಿನ ರೈಶ್‌ಸ್ಟೈನ್ ಅವರೊಡನೆ ನೊಬೆಲ್ ಪಾರಿತೋಷಕವೂ ಸಂದಿತು. ಬಸುರಿ ಹೆಂಗಸರ ಅನುಭವವನ್ನು ಶ್ರದ್ಧೆಯಿಂದ ಕೇಳಿದ್ದರಿಂದ ಒಂದು ಮಹೌಷಧವೇ ದೊರೆತಂತಾಯಿತು. ಇಲ್ಲಿಯೂ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ರೋಗಿಗಳ ನೆನಪನ್ನು ನಂಬಿ ಬರೆದ ಹಳೆಯ ವರದಿಗಳು ಬಹುಪಾಲು ಗರ್ಭಿಣಿಯರಿಗೆ ನೋವು ತಗ್ಗಿತೆಂದರೆ, ಬಸಿರಿನ ಮೊದಲಿನಿಂದಲೂ ಅಳತೆ ಮಾಡುತ್ತ ಹೋದ ಇತ್ತೀಚಿನ ಅಧ್ಯಯನಗಳಲ್ಲಿ ಆ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿದಿದೆ.

ಅದೇ 1938ರಲ್ಲಿ ಪ್ಯಾರಿಸ್ಸಿನ ಆಲ್ಬೆರ್ ಸೆಜ಼ಾರಿಯು ಮೈಯೆಲ್ಲ ಕೆಂಪಾಗಿ ತುರಿಸುವ ರೋಗಿಯೊಬ್ಬರ ರಕ್ತದಲ್ಲಿ ವಿಕಾರ ರೂಪದ ದೊಡ್ಡ ಜೀವಕೋಶಗಳನ್ನು ಗುರುತಿಸಿದನು. ನಮ್ಮ ರೋಗದ ನಿಜವಾದ ಕುಲವನ್ನು ತಿಳಿಯಲು ಇದು ನಾಂದಿಯಾಯಿತು. 1975ರಲ್ಲಿ ಎಡೆಲ್‌ಸನ್ ಮೊದಲಾದ ಅಮೆರಿಕದ ವಿದ್ವಾಂಸರು ಈ ವರ್ಗವನ್ನೆಲ್ಲ ಚರ್ಮದ ‘ಟಿ’ ಜೀವಕೋಶ ಲಿಂಫೋಮಗಳೆಂದು ಒಟ್ಟುಗೂಡಿಸಿದರು. ಸಂಧಿವಾತದಲ್ಲಿ ಗರ್ಭವು ಶೋಧನೆಯ ಸಾಧನವಾಯಿತು. ಲಿಂಫೋಮದಲ್ಲಿ ಹಾಗಾಗಲಿಲ್ಲ. ಕಾರಣವು ಸ್ಪಷ್ಟ: ಒಂದು ರೋಗವು ಸಾಮಾನ್ಯ, ಅದರಲ್ಲೂ ಸ್ತ್ರೀಯರಲ್ಲಿ ಅಧಿಕ, ಇನ್ನೊಂದು ವಿರಳ, ಅದರಲ್ಲೂ ಪುರುಷರಲ್ಲಿ ಅಧಿಕ.

ಆ ಕಾಲದಲ್ಲಿ ಅರ್ಬುದ ಮತ್ತು ಗರ್ಭಧಾರಣೆಯ ಸಂಬಂಧವನ್ನು ಕುರಿತು ವೈದ್ಯಲೋಕದಲ್ಲಿ ದೃಢವಾದ ಒಂದು ಅಭಿಪ್ರಾಯವಿತ್ತು. ಗರ್ಭವು ಬೆಳೆಯುವಾಗ ದೇಹದಲ್ಲಿ ಎಲ್ಲವೂ ಬೆಳೆಯುವುದರಿಂದ ಅರ್ಬುದವೂ ಬೆಳೆಯಲೇಬೇಕು ಎಂಬುದು ಅದರ ಸಾರ. ತರ್ಕಕ್ಕೆ ಇದು ಒಪ್ಪುವಂತೆ ಕಂಡರೂ ಸಾಕ್ಷ್ಯವೆಷ್ಟಿತ್ತು? 1943ರಲ್ಲಿ ನ್ಯೂಯಾರ್ಕಿನ ಹಾಗೆನ್‌ಸನ್ ಮತ್ತು ಸ್ಟೌಟ್ ಎಂಬ ಗಣ್ಯ ವಿದ್ವಾಂಸರು ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಬಹುದಾದ ಮತ್ತು ಮಾಡಬಾರದ ಸಂದರ್ಭಗಳನ್ನು ವಿಂಗಡಿಸುವಾಗ, ಬಸಿರಿನಲ್ಲಿ ಅಥವಾ ಹಾಲೂಡಿಸುವ ಕಾಲದಲ್ಲಿ ಕಾಣಿಸಿಕೊಂಡ ಕ್ಯಾನ್ಸರನ್ನು ‘ಮಾಡಬಾರದ’ ಪಟ್ಟಿಗೆ ಸೇರಿಸಿದರು. ಅವರ ಮುಂದೆ ಇದ್ದುದು ಅಂತಹ ರೋಗಿಗಳ ಒಂದು ಸಣ್ಣ ಗುಂಪು. ಆ ಸ್ತ್ರೀಯರಿಗೆ ಗುಣವಾಗಲಿಲ್ಲವೆಂಬುದು ನಿಜ. ಆದರೆ ಶಸ್ತ್ರಚಿಕಿತ್ಸೆಯೇ ವ್ಯರ್ಥವೆಂದು ಅದರಿಂದ ತೀರ್ಮಾನಿಸಿದರೆ, ಮುಂದೆ ಬರುವ ಗರ್ಭಿಣಿಗೆ ಚಿಕಿತ್ಸೆಯ ಬಾಗಿಲೇ ಮುಚ್ಚಿದಂತಾಗುತ್ತದೆ. ಬಸಿರಿನಲ್ಲಿ ಗಡ್ಡೆಯು ಬೇಗ ತಿಳಿಯದೆ ತಡವಾಗಿ ಪತ್ತೆಯಾಗುವುದೇ ವ್ಯತ್ಯಾಸದ ದೊಡ್ಡ ಭಾಗಕ್ಕೆ ಕಾರಣವೆಂದು ಮುಂದಿನ ದಶಕಗಳ ಹೋಲಿಕೆಗಳಿಂದ ಹೊರಪಟ್ಟಿತು.

ಮೆಲನೋಮವೆಂಬ ಚರ್ಮದ ಕಪ್ಪು ಅರ್ಬುದದ ಕಥೆ ಇನ್ನೂ ಬೋಧಪ್ರದವಾಗಿದೆ. 1951ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಜಾರ್ಜ್ ಪ್ಯಾಕ್ ತನ್ನ ಸಹೋದ್ಯೋಗಿಯೊಡನೆ ಬೆರಳೆಣಿಕೆಯ ಗರ್ಭಿಣಿಯರ ವೃತ್ತಾಂತವನ್ನು ಪ್ರಕಟಿಸಿದನು. ಅವರಲ್ಲಿ ಅರ್ಧದಷ್ಟು ಮಂದಿ ಬೇಗನೆ ಮೃತರಾಗಿದ್ದರು. ಈ ವರದಿಯ ಮತ್ತು ಇಂತಹವೇ ಕೆಲವು ವರದಿಗಳ ಪ್ರಭಾವದಿಂದ, ಮೆಲನೋಮವಿದ್ದ ಸ್ತ್ರೀ ಗರ್ಭ ಧರಿಸಬಾರದು, ಧರಿಸಿದರೆ ತೆಗೆಸಬೇಕು, ಸಂತಾನಶಕ್ತಿಯನ್ನೇ ನಿಲ್ಲಿಸುವುದು ಉತ್ತಮ ಎಂಬ ಸಲಹೆಗಳು ಹೊರಟವು. 1960ರಲ್ಲಿ ಅದೇ ಪ್ಯಾಕ್ ಇಬ್ಬರು ಸಹೋದ್ಯೋಗಿಗಳೊಡನೆ 115 ಗರ್ಭಿಣಿಯರನ್ನು ಗರ್ಭಿಣಿಯರಲ್ಲದ 330 ರೋಗಿಗಳೊಡನೆ ಹೋಲಿಸಿದಾಗ, ರೋಗದ ಹಂತವು ಸಮಾನವಾಗಿದ್ದಲ್ಲಿ ಆಯುಷ್ಯದಲ್ಲಿ ಗಣನೀಯ ಅಂತರವು ಕಾಣಲಿಲ್ಲ. ಎರಡು ವರ್ಷಗಳ ನಂತರ, 1962ರಲ್ಲಿ, ಹಾಜ್‌ಕಿನ್ ರೋಗವೆಂಬ ಲಿಂಫೋಮದಲ್ಲಿಯೂ ಗರ್ಭಧಾರಣೆಯು ರೋಗದ ಗತಿಯನ್ನು ಕೆಡಿಸುವುದಿಲ್ಲವೆಂದು ನ್ಯೂಯಾರ್ಕಿನ ಬ್ಯಾರಿ, ಡೈಮಂಡ್, ಕ್ರೇವರ್ ಎಂಬ ಮೂವರು ವೈದ್ಯರು ದೊಡ್ಡ ಸಂಖ್ಯೆಯ ರೋಗಿಗಳ ಆಧಾರದ ಮೇಲೆ ತೋರಿಸಿದರು. ಪ್ಯಾಕನು ತನ್ನ ಮೊದಲ ವರದಿಗೆ ಅಂಟಿಕೊಳ್ಳದೆ ಹೆಚ್ಚಿನ ಸಂಖ್ಯೆಯನ್ನು ಅರಸಿದನೆಂಬುದು ಅವನಿಗೆ ಗೌರವ ತರುವ ಸಂಗತಿ. ಆದರೆ ನಡುವಣ ಒಂಬತ್ತು ವರ್ಷಗಳಲ್ಲಿ ಹಳೆಯ ಸಲಹೆಯನ್ನು ಪಾಲಿಸಿದ ಸ್ತ್ರೀಯರ ಹೆಸರು ಯಾವ ಕೋಷ್ಟಕದಲ್ಲಿಯೂ ಇಲ್ಲ.

ಮೆಲನೋಮಕ್ಕೂ ಹಾಜ್‌ಕಿನ್ ರೋಗಕ್ಕೂ ತಿದ್ದುಪಡಿ ದೊರೆತದ್ದು ಸಂಖ್ಯೆಯಿಂದ. ನಮ್ಮ ರೋಗಕ್ಕೆ ಆ ಸಂಖ್ಯೆ ಎಲ್ಲಿಂದ ಬರಬೇಕು? ಸ್ಥೂಲವಾಗಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ಕೋಟಿ ಜನಸಂಖ್ಯೆಯ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 60 ಹೊಸ ರೋಗಿಗಳೆಂದು ಇಟ್ಟುಕೊಳ್ಳೋಣ. ಪಾಶ್ಚಾತ್ಯ ದೇಶಗಳ ಅಂಕಿಗಳಲ್ಲಿ ಪುರುಷರು ಸ್ತ್ರೀಯರ ಇಮ್ಮಡಿಯಷ್ಟಿರುವುದರಿಂದ ಸ್ತ್ರೀಯರು 20 ಮಂದಿ. ರೋಗ ಪತ್ತೆಯಾಗುವ ವಯಸ್ಸು ಸಾಮಾನ್ಯವಾಗಿ ಐವತ್ತು ದಾಟಿರುತ್ತದೆ. ಹೆರುವ ವಯಸ್ಸಿನವರು ಐದರಲ್ಲಿ ಒಬ್ಬರೆಂದು ಉದಾರವಾಗಿ ಊಹಿಸಿದರೂ ನಾಲ್ವರು. ಅವರಲ್ಲಿ ರೋಗ ತಿಳಿದ ಮೇಲೆ ಗರ್ಭ ಧರಿಸುವವರು ಒಬ್ಬರೋ ಇಬ್ಬರೋ. ಅವರೂ ಬೇರೆ ಬೇರೆ ವೈದ್ಯರ ಬಳಿ ಚಿಕಿತ್ಸೆ ಪಡೆಯುತ್ತಿರುವರು. ಹೀಗಾಗಿ ಮೈಕೋಸಿಸ್ ಫಂಗಾಯ್ಡಿಸ್ ಮತ್ತು ಗರ್ಭಧಾರಣೆಯ ಸಾಹಿತ್ಯವೆಲ್ಲ ಒಬ್ಬೊಬ್ಬ ರೋಗಿಯ ವೃತ್ತಾಂತಗಳಿಂದ ಮತ್ತು ಕೆಲವೇ ಮಂದಿಯ ಸಣ್ಣ ಸಮುಚ್ಚಯಗಳಿಂದ ಕೂಡಿದೆ. ವೃತ್ತಾಂತಗಳಿಗೆ ಇನ್ನೊಂದು ದೋಷವುಂಟು: ಬಸಿರಿನಲ್ಲಿ ರೋಗವು ಭಯಂಕರವಾಗಿ ಉಲ್ಬಣಿಸಿದರೆ ಅದು ಪತ್ರಿಕೆಗೆ ಏರುತ್ತದೆ, ಏನೂ ಆಗದೆ ತಾಯಿ ಮಗು ಕ್ಷೇಮವಾಗಿ ಮನೆಗೆ ಹೋದರೆ ಅದನ್ನು ಬರೆಯುವವರು ವಿರಳ. ಯುದ್ಧಗಳನ್ನು ಮಾತ್ರ ದಾಖಲಿಸಿದ ಶಾಸನಗಳಿಂದ ಒಂದು ರಾಜ್ಯದ ದಿನಚರಿಯನ್ನು ಊಹಿಸಲು ಹೊರಟವನ ಪಾಡು ಇಲ್ಲಿ ನೆನಪಿಗೆ ಬರುತ್ತದೆ.

ಸಂಖ್ಯೆಯಿಲ್ಲದಲ್ಲಿ ಸಿದ್ಧಾಂತವು ಸಿಂಹಾಸನವೇರುತ್ತದೆ. 1953ರಲ್ಲಿ ಆಂಗ್ಲ ವಿಜ್ಞಾನಿ ಪೀಟರ್ ಮೆಡಾವರ್ ಒಂದು ಪ್ರಸಿದ್ಧವಾದ ಪ್ರಶ್ನೆಯನ್ನೆತ್ತಿದನು. ಒಬ್ಬರ ಚರ್ಮವನ್ನು ಇನ್ನೊಬ್ಬರಿಗೆ ಕಸಿ ಮಾಡಿದರೆ ದೇಹವು ಅದನ್ನು ಹೊರದೂಡುತ್ತದೆ. ಹಾಗಿದ್ದರೆ ಅರ್ಧ ತಂದೆಯ ಅಂಶವುಳ್ಳ ಶಿಶುವನ್ನು ತಾಯಿಯ ದೇಹವು ಒಂಬತ್ತು ತಿಂಗಳು ಏಕೆ ಸಹಿಸುತ್ತದೆ? ಅವನು ಸೂಚಿಸಿದ ಸಮಾಧಾನಗಳಲ್ಲಿ ಒಂದು, ತಾಯಿಯ ರಕ್ಷಣಶಕ್ತಿಯೇ ಆಗ ಮಂದವಾಗಿರಬಹುದು ಎಂಬುದು. 1993ರಲ್ಲಿ ವೆಗ್‌ಮನ್ ಮತ್ತು ಅವನ ಸಂಗಡಿಗರು ಇದಕ್ಕೆ ಹೊಸ ರೂಪವನ್ನು ಕೊಟ್ಟರು. ಸಹಾಯಕ ‘ಟಿ’ ಕೋಶಗಳಲ್ಲಿ ಎರಡು ಪಂಗಡಗಳಿವೆ, ಗರ್ಭಕಾಲದಲ್ಲಿ ಮೊದಲನೆಯದು ತಗ್ಗಿ ಎರಡನೆಯದು ಮೇಲುಗೈ ಪಡೆಯುತ್ತದೆ ಎಂಬುದು ಅವರ ವಾದ. ಇದೇ ಸುಮಾರಿಗೆ, ಮೈಕೋಸಿಸ್ ಫಂಗಾಯ್ಡಿಸ್ ಮುಂದುವರಿದ ಹಂತಕ್ಕೆ ಹೋದಂತೆ ಅಲ್ಲಿಯೂ ಎರಡನೆಯ ಪಂಗಡದ ಲಕ್ಷಣಗಳೇ ಪ್ರಬಲವಾಗುತ್ತವೆಂದು ಬೇರೆ ವಿದ್ವಾಂಸರು ಕಂಡುಕೊಂಡಿದ್ದರು. ಎರಡನ್ನೂ ಕೂಡಿಸಿದರೆ ಗರ್ಭಧಾರಣೆಯಿಂದ ಈ ರೋಗವು ಹೆಚ್ಚಲೇಬೇಕೆಂಬ ಅನುಮಾನವು ಸುಲಭವಾಗಿ ಹುಟ್ಟುತ್ತದೆ. ಆದರೆ ಗರ್ಭಕಾಲವು ಏಕರೂಪದ ಸ್ಥಿತಿಯಲ್ಲ. ಗರ್ಭವು ನೆಲೆಗೊಳ್ಳುವಾಗ ಒಂದು ಬಗೆ, ಮಧ್ಯಕಾಲದಲ್ಲಿ ಇನ್ನೊಂದು ಬಗೆ, ಹೆರಿಗೆಯ ಸಮಯಕ್ಕೆ ಮತ್ತೊಂದು ಬಗೆ ಎಂಬುದು ಈಗ ಒಪ್ಪಿತವಾಗಿದೆ. ಎರಡು ಅರ್ಧಸತ್ಯಗಳನ್ನು ಗುಣಿಸಿದರೆ ಪೂರ್ಣಸತ್ಯವಾಗುವುದಿಲ್ಲ. 1940ರ ದಶಕದಲ್ಲಿ ‘ಎಲ್ಲವೂ ಬೆಳೆಯುತ್ತದೆ’ ಎಂದ ತರ್ಕವು ಇಲ್ಲಿ ಹೊಸ ಪರಿಭಾಷೆಯ ಉಡುಪನ್ನು ಧರಿಸಿ ಬಂದಂತಿದೆ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಚಿಕಿತ್ಸೆಯ ಚರಿತ್ರೆಗೆ ಬರೋಣ. ರೋಗವು ಗರ್ಭಿಣಿಗೆ ಏನು ಮಾಡುತ್ತದೆ ಎಂಬುದಕ್ಕಿಂತ, ರೋಗಕ್ಕೆ ಕೊಡುವ ಮದ್ದು ಗರ್ಭಕ್ಕೆ ಏನು ಮಾಡುತ್ತದೆ ಎಂಬುದು ಹೆಚ್ಚು ಖಚಿತವಾಗಿ ತಿಳಿದಿದೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಕ್ಷ-ಕಿರಣವನ್ನು ಈ ರೋಗಕ್ಕೆ ಬಳಸಿದರು, ಗಂಟುಗಳು ಕರಗಿದವು. 1929ರಲ್ಲಿ ಮರ್ಫಿ ಮತ್ತು ಗೋಲ್ಡ್‌ಸ್ಟೈನ್ ಎಂಬ ವೈದ್ಯರು, ಬಸಿರಿನಲ್ಲಿ ಕಿರಣಚಿಕಿತ್ಸೆ ಪಡೆದ ತಾಯಂದಿರ ಮಕ್ಕಳಲ್ಲಿ ತಲೆ ಕಿರಿದಾಗಿ ಬುದ್ಧಿ ಬೆಳೆಯದ ಪ್ರಸಂಗಗಳನ್ನು ವರದಿ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ವಿಷಾನಿಲದ ಸಂಶೋಧನೆಯಿಂದ ಹುಟ್ಟಿದ ನೈಟ್ರೋಜನ್ ಮಸ್ಟರ್ಡ್ ಎಂಬ ದ್ರವ್ಯವನ್ನು 1942ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಲಿಂಫೋಮಕ್ಕೆ ಪ್ರಯೋಗಿಸಿದರು. 1959ರಲ್ಲಿ ಕ್ಲೀವ್‌ಲೆಂಡಿನಲ್ಲಿ ಅದನ್ನು ಚರ್ಮಕ್ಕೆ ಲೇಪಿಸಿ ನಮ್ಮ ರೋಗದಲ್ಲಿ ಗುಣ ಕಂಡರು. ಜೀವಕೋಶಗಳು ವಿಭಜಿಸುವುದನ್ನು ತಡೆಯುವ ಇಂತಹ ದ್ರವ್ಯಗಳು ಗರ್ಭದಲ್ಲಿ ವಿಭಜಿಸುತ್ತಿರುವ ಕೋಶಗಳನ್ನು ಬಿಟ್ಟುಬಿಡುವುದಿಲ್ಲ.

ಈ ಮದ್ದುಗಳಲ್ಲಿ ಒಂದರ ವಂಶಾವಳಿಯು ಭಾರತದ ನೆಲಕ್ಕೆ ಬಂದು ಸೇರುತ್ತದೆಯಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದಳು. ಅಲ್ಲಿನ ಬಡ ಗರ್ಭಿಣಿಯರಲ್ಲಿ, ವಿಶೇಷವಾಗಿ ಬಟ್ಟೆ ಗಿರಣಿಗಳ ಶ್ರಮಜೀವಿ ಸ್ತ್ರೀಯರಲ್ಲಿ, ರಕ್ತದ ಕೆಂಪುಕಣಗಳು ಅಸಹಜವಾಗಿ ದೊಡ್ಡದಾಗುವ ಒಂದು ರಕ್ತಹೀನತೆಯು ಪ್ರಬಲವಾಗಿತ್ತು. ಅನೇಕ ತಾಯಂದಿರು ಅದಕ್ಕೆ ಬಲಿಯಾಗುತ್ತಿದ್ದರು. ಅವರ ಆಹಾರವನ್ನು ಪರಿಶೀಲಿಸಿ, ಇಲಿ ಕೋತಿಗಳ ಮೇಲೆ ಪ್ರಯೋಗ ಮಾಡಿ, ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಈಸ್ಟ್ ಸಾರದಿಂದ ಈ ರಕ್ತಹೀನತೆಯು ವಾಸಿಯಾಗುವುದೆಂದು ಆಕೆ 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವೇ ಮುಂದೆ 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಸಿದ ಜೀವಸತ್ವ. ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಭೀಮವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ (1895–1948) ಅವರ ಮುಂದಾಳುತನದಲ್ಲಿ ಅದನ್ನು ಕೃತಕವಾಗಿ ತಯಾರಿಸಿದರು. ತರುವಾಯ ಅದರ ಅಣುರಚನೆಯನ್ನು ಕೊಂಚ ಮಾರ್ಪಡಿಸಿ ಅದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಅಮಿನಾಪ್ಟರಿನ್, ಮೆಥೋಟ್ರೆಕ್ಸೇಟ್ ಎಂಬ ದ್ರವ್ಯಗಳನ್ನೂ ರೂಪಿಸಿದರು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಮಕ್ಕಳ ರಕ್ತಕ್ಯಾನ್ಸರಿನಲ್ಲಿ ಅಮಿನಾಪ್ಟರಿನ್ನಿನಿಂದ ತಾತ್ಕಾಲಿಕ ಗುಣವನ್ನು ಕಂಡನು. ಮೆಥೋಟ್ರೆಕ್ಸೇಟನ್ನು 1960ರ ದಶಕದಿಂದ ಮೈಕೋಸಿಸ್ ಫಂಗಾಯ್ಡಿಸ್‌ಗೂ ಕೊಡತೊಡಗಿದರು. ಇವೇ ದ್ರವ್ಯಗಳು ಗರ್ಭವನ್ನು ಕೆಡಿಸುತ್ತವೆಂಬುದು, ಗರ್ಭ ಉಳಿದರೆ ಶಿಶುವಿನ ಅಂಗಗಳನ್ನು ವಿಕಾರಗೊಳಿಸುತ್ತವೆಂಬುದು 1952ರ ವೇಳೆಗೇ ತಿಳಿದಿತ್ತು. ಮುಂಬಯಿಯ ಗರ್ಭಿಣಿಯರ ರಕ್ತದಿಂದ ಆರಂಭವಾದ ಜ್ಞಾನವು ಗರ್ಭಿಣಿಯರಿಗೆ ಕೊಡಲೇಬಾರದ ಮದ್ದಿನಲ್ಲಿ ಪರ್ಯವಸಾನಗೊಂಡಿತು.

1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದು 1961ರಲ್ಲಿ ಹಿಂತೆಗೆಯಲ್ಪಟ್ಟ ಥಾಲಿಡೊಮೈಡಿನ ದುರಂತವು ಎಲ್ಲರಿಗೂ ತಿಳಿದಿರುವುದರಿಂದ ಅದನ್ನಿಲ್ಲಿ ವಿವರಿಸುವುದಿಲ್ಲ. ಅದರ ಪರಿಣಾಮವನ್ನು ಮಾತ್ರ ಹೇಳಬೇಕು. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಹೆರುವ ಸಾಮರ್ಥ್ಯವುಳ್ಳ ಸ್ತ್ರೀಯರನ್ನು ಹೊಸ ಮದ್ದುಗಳ ಆರಂಭದ ಪರೀಕ್ಷೆಗಳಿಂದ ಹೊರಗಿಡಬೇಕೆಂದು ಸೂಚಿಸಿತು. ಈ ನಿರ್ಬಂಧವನ್ನು 1993ರಲ್ಲಿ ಸಡಿಲಿಸಿದರೂ ಗರ್ಭಿಣಿಯರು ಬಹುಮಟ್ಟಿಗೆ ಹೊರಗೆಯೇ ಉಳಿದರು. ಚರ್ಮದ ‘ಟಿ’ ಕೋಶ ಲಿಂಫೋಮಕ್ಕೆಂದೇ 1999ರ ಕೊನೆಯಲ್ಲಿ ಅಲ್ಲಿ ಒಪ್ಪಿಗೆ ಪಡೆದ ಬೆಕ್ಸಾರೋಟೀನ್ ‘ಎ’ ಜೀವಸತ್ವದ ಬಂಧು; ಗರ್ಭಕ್ಕೆ ಹಾನಿಕರವಾದುದರಿಂದ, ಬಸಿರಿಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಸ್ತ್ರೀಯರಿಗೆ ಕೊಡಬೇಕೆಂಬ ನಿಯಮವಿದೆ. ಈ ನಿಯಮಗಳು ಶಿಶುಗಳನ್ನು ಕಾಪಾಡಿವೆ. ಅವನ್ನು ಆಕ್ಷೇಪಿಸುವವರು ನಾವಲ್ಲ. ಆದರೆ ಅವುಗಳಿಂದ ಗರ್ಭಿಣಿಯ ದೇಹವನ್ನು ಕುರಿತ ಅಜ್ಞಾನವೂ ರಕ್ಷಿತವಾಯಿತೆಂಬುದನ್ನು ಗಮನಿಸದಿರಲಾಗುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಒಂದು ವಿಶೇಷ ತೂಕವಿದೆ. ಕಂದು ಕಪ್ಪು ಮೈಬಣ್ಣದವರಲ್ಲಿ ಈ ರೋಗವು ಎಷ್ಟೋ ಸಲ ಕೆಂಪು ಮಚ್ಚೆಯಾಗಿ ತೋರದೆ ಬಣ್ಣಗೆಟ್ಟ ಬಿಳಿಚು ಮಚ್ಚೆಯಾಗಿ ತೋರುತ್ತದೆ. ಪಾಶ್ಚಾತ್ಯ ಗ್ರಂಥಗಳಲ್ಲಿ ಈ ಬಗೆಯ ವರ್ಣನೆ ಬರುವುದು 1970ರ ದಶಕದಿಂದ ಈಚೆಗೆ. ಇದು ಎಳೆಯ ವಯಸ್ಸಿನವರಲ್ಲಿ ಹೆಚ್ಚು, ಎಂದರೆ ಹೆರುವ ವಯಸ್ಸಿನಲ್ಲಿಯೇ ಬರುವ ಸಂಭವವುಂಟು. ನಮ್ಮ ಮೇಲಿನ ಲೆಕ್ಕವು ಪಾಶ್ಚಾತ್ಯ ಅಂಕಿಗಳದಾದುದರಿಂದ ಇಲ್ಲಿಗೆ ಪೂರ್ತಿ ಅನ್ವಯಿಸಲಾರದು. ಬಿಳಿ ಮಚ್ಚೆ ಕಂಡರೆ ನಮ್ಮ ಜನ ಮೊದಲು ಶಂಕಿಸುವುದು ತೊನ್ನನ್ನು, ಅದಿಲ್ಲವಾದರೆ ಕುಷ್ಠವನ್ನು. ಮದುವೆಯಾಗಬೇಕಾದ ಹೆಣ್ಣುಮಗಳ ಮೈಮೇಲೆ ಮಚ್ಚೆಯೆದ್ದರೆ ಮನೆಯವರು ಅದನ್ನು ಮರೆಮಾಚುವುದೂ ಅಪೂರ್ವವಲ್ಲ. ಚರ್ಮದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ರೋಗವು ನಿಶ್ಚಯವಾಗದು. ಒಂದು ಸಲ ನೋಡಿದರೆ ಸಾಲದೆ ಮತ್ತೆ ಮತ್ತೆ ನೋಡಬೇಕಾಗುವುದೂ ಉಂಟು. ಇಷ್ಟರಲ್ಲಿ ಒಂದೆರಡು ಹೆರಿಗೆಗಳು ಮುಗಿದಿರಬಹುದು. 1971ರ ಗರ್ಭಪಾತ ಕಾಯಿದೆಯ ಪ್ರಕಾರ ತಾಯಿಯ ಪ್ರಾಣಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗುರುತರವಾದ ಹಾನಿ ಒದಗುವುದೆಂದು ವೈದ್ಯರು ಪ್ರಾಮಾಣಿಕವಾಗಿ ಭಾವಿಸಿದರೆ ಗರ್ಭವನ್ನು ನಿಲ್ಲಿಸಬಹುದು. ವೈದ್ಯರ ಆ ಭಾವನೆಯು ಯಾವ ಸಾಕ್ಷ್ಯದ ಮೇಲೆ ನಿಂತಿದೆ ಎಂಬುದು ಆದುದರಿಂದ ಕೇವಲ ಪಾಂಡಿತ್ಯದ ಜಿಜ್ಞಾಸೆಯಲ್ಲ. ‘ಕ್ಯಾನ್ಸರ್’ ಎಂಬ ಒಂದು ಪದವೇ ಮನೆಮಂದಿಯ ನಿರ್ಧಾರವನ್ನು ಮಾಡಿಬಿಡಬಲ್ಲದು. ಆದರೆ ಮಚ್ಚೆಗಳು ಮೈಯ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಮೆಯಿರುವ ಮೊದಲ ಹಂತದ ರೋಗಿಗಳು ಉಳಿದವರಷ್ಟೇ ಕಾಲ ಬಾಳುತ್ತಾರೆಂದು ಸ್ಟ್ಯಾನ್‌ಫರ್ಡಿನ ವೈದ್ಯರು 1996ರಲ್ಲಿ ದೀರ್ಘಕಾಲದ ದಾಖಲೆಗಳಿಂದ ತೋರಿಸಿದ್ದಾರೆ.

ಕೊನೆಯದಾಗಿ, ಅಚ್ಚಾಗಿರುವ ವೃತ್ತಾಂತಗಳನ್ನು ಚರಿತ್ರಕಾರನ ಕಣ್ಣಿನಿಂದ ಓದುವುದು ಹೇಗೆ? ಅವುಗಳಲ್ಲಿ ಕೆಲವು ಸ್ತ್ರೀಯರಿಗೆ ಬಸಿರಿನಲ್ಲಿಯೋ ಬಾಣಂತಿತನದಲ್ಲಿಯೋ ರೋಗ ಹೆಚ್ಚಿದೆ. ಕೆಲವರಿಗೆ ಇದ್ದಂತೆಯೇ ಇದೆ. ಮೊದಲ ಹಂತದ ರೋಗವುಳ್ಳವರು ಆರೋಗ್ಯವಂತ ಮಕ್ಕಳನ್ನು ಹೆತ್ತ ಉದಾಹರಣೆಗಳು ಸಾಕಷ್ಟಿವೆ. ಹೆಚ್ಚಿತೆಂಬ ವೃತ್ತಾಂತವನ್ನು ಓದುವಾಗ ನಾವು ಮೊದಲು ಕೇಳಬೇಕಾದದ್ದು, ಆ ಸ್ತ್ರೀಯು ಮೊದಲು ಯಾವ ಚಿಕಿತ್ಸೆಯಲ್ಲಿದ್ದಳು ಎಂಬುದನ್ನ. ಗರ್ಭ ನಿಂತಿತೆಂದು ತಿಳಿದ ದಿನವೇ ಮೆಥೋಟ್ರೆಕ್ಸೇಟನ್ನೋ ಬೆಕ್ಸಾರೋಟೀನನ್ನೋ ನೈಟ್ರೋಜನ್ ಮಸ್ಟರ್ಡನ್ನೋ ನಿಲ್ಲಿಸುತ್ತಾರೆ. ಅಂಕೆಯಲ್ಲಿದ್ದ ರೋಗವು ಮದ್ದು ನಿಂತೊಡನೆ ತಲೆಯೆತ್ತುವುದು ಸ್ವಾಭಾವಿಕ. ಆ ತಿಂಗಳುಗಳು ಬಸಿರಿನ ತಿಂಗಳುಗಳೇ ಆದುದರಿಂದ ಅಪವಾದವು ಬಸಿರಿನ ಮೇಲೆ ಬರುತ್ತದೆ. ಹೆರಿಗೆಯ ನಂತರ ಹಾಲೂಡಿಸುವ ಕಾಲದಲ್ಲಿಯೂ ಅನೇಕ ಮದ್ದುಗಳು ನಿಷಿದ್ಧವೇ. ಬಸಿರಿನಲ್ಲಿ ಬಳಸಬಹುದೆಂದು ಒಪ್ಪಿರುವ ಲೇಪಗಳನ್ನೋ ಕಿರಿದಾದ ಪಟ್ಟಿಯ ಅತಿನೇರಿಳೆ ಕಿರಣವನ್ನೋ ಮುಂದುವರಿಸಿದ ರೋಗಿಗಳ ವೃತ್ತಾಂತವನ್ನು ಮದ್ದು ಬಿಟ್ಟವರ ವೃತ್ತಾಂತದೊಡನೆ ಒಂದೇ ಸಾಲಿನಲ್ಲಿ ಎಣಿಸುವುದು ಸರಿಯಲ್ಲ. ಈ ಕಿರಣವು ರಕ್ತದಲ್ಲಿನ ಫೋಲಿಕ್ ಆಮ್ಲವನ್ನು ತಗ್ಗಿಸಬಹುದಾದುದರಿಂದ ಅದರೊಡನೆ ಫೋಲಿಕ್ ಆಮ್ಲದ ಗುಳಿಗೆಗಳನ್ನೂ ಕೊಡುತ್ತಾರೆ. ವೃತ್ತಾಂತವೊಂದರಲ್ಲಿ ಮದ್ದು ನಿಲ್ಲಿಸಿದ ದಿನಾಂಕ, ಮಚ್ಚೆ ಹೆಚ್ಚಿದ ದಿನಾಂಕ, ಗರ್ಭ ನಿಂತ ದಿನಾಂಕ ಈ ಮೂರೂ ಇದ್ದರೆ ಅದು ಸಾಕ್ಷ್ಯವಾಗಿ ನಿಲ್ಲುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ, ಅದನ್ನು ಬರೆದವರು ಎಷ್ಟೇ ಪ್ರಸಿದ್ಧರಾಗಿರಲಿ, ಕಾಲನಿರ್ದೇಶವಿಲ್ಲದ ಶಾಸನವನ್ನು ಬಳಸುವಷ್ಟೇ ಎಚ್ಚರಿಕೆಯಿಂದ ಅದನ್ನು ಬಳಸಬೇಕಾಗುತ್ತದೆ.